ಗಾಜಿನ ಪೆಟ್ಟಿಗೆ ಸೇರಿದ ಕನ್ನಡಕ

ದೊಡ್ಡ ಕಾದಂಬರಿಕಾರರು ತೀರಿಕೊಂಡ ಮೇಲೆ ಅವರ ಮನೆ ಮ್ಯೂಸಿಯಂ ಆಯಿತು. ನಲವತ್ತು ವರ್ಷ ಅಲ್ಲಿ ಅಡುಗೆ ಮಾಡಿದ ಹೆಂಗಸೇ ಬಾಗಿಲಿಗೆ ಕಾವಲು. ಸೊಂಟದಲ್ಲಿ ಬೀಗದಕೈ ಗೊಂಚಲು ಜೋತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಆಕೆ ಬೀಗದಜ್ಜಿ.

ಎಡವಟ್ಟಾದದ್ದು ಸಾಮಾನಿನ ಪಟ್ಟಿ ಮಾಡಿದ ದಿನ. ಬರೆಯುವ ಮೇಜು ಒರೆಸುತ್ತಿದ್ದ ಅಜ್ಜಿ ಬೆವರೊರೆಸಿಕೊಳ್ಳಲು ಕನ್ನಡಕ ತೆಗೆದಿಟ್ಟಳು. ಅಷ್ಟರಲ್ಲಿ ಒಳಗೆ ಹಾಲುಕ್ಕಿತು, ಓಡಿದಳು. ಬರುವ ಹೊತ್ತಿಗೆ ಕನ್ನಡಕಕ್ಕೂ ಪಟ್ಟಿಯ ನಂಬರು ಬಿದ್ದಿತ್ತು! ಮರುವಾರ ಅದು ಗಾಜಿನ ಪೆಟ್ಟಿಗೆಯಲ್ಲಿ. ಕೆಳಗೊಂದು ಫಲಕ: 'ಕಾದಂಬರಿಕಾರರು ಲೋಕವನ್ನು ಕಂಡ ಕನ್ನಡಕ.' ಮುರಿದ ಕಡ್ಡಿಗೆ ಅಜ್ಜಿ ಸುತ್ತಿದ್ದ ಕೆಂಪು ದಾರ 'ಸರಳ ಬದುಕಿನ ಸಾಕ್ಷಿ.'

"ಸಾಹೇಬ್ರೇ, ಅದು ನಂದು."

ಮ್ಯೂಸಿಯಂ ಸಾಹೇಬರು ಹೌಹಾರಿದರು. "ಮೆಲ್ಲಗೆ ಅಜ್ಜಿ! ಟಿಕೆಟ್ ಮೇಲೆ ಅದರದ್ದೇ ಫೋಟೋ ಅಚ್ಚಾಗಿದೆ. ಬಾಯಿ ಬಿಟ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ."

ಮನೆಯ ಬೀಗದಕೈಗಳೆಲ್ಲ ಅಜ್ಜಿಯ ಸೊಂಟದಲ್ಲಿ. ಆ ಪೆಟ್ಟಿಗೆಯದು ಮಾತ್ರ ಸಾಹೇಬರ ಜೇಬಿನಲ್ಲಿ. ಅಜ್ಜಿಯ ಮಗಳ ಕಾಗದ ಬಂದು ತಿಂಗಳಾಗಿತ್ತು, ಕನ್ನಡಕವಿಲ್ಲದೆ ಒಡೆದಿರಲಿಲ್ಲ. ಬೇರೆಯವರ ಕೈಲಿ ಓದಿಸಿದರೆ ಮನೆಗುಟ್ಟು ಬೀದಿಗೆ. "ನನ್ನ ಕಣ್ಣನ್ನೇ ಪೆಟ್ಟಿಗೇಲಿಟ್ಟು ನನ್ನನ್ನೇ ಕಾಯೋಕೆ ಕೂರಿಸಿದ್ದಾರಲ್ಲಪ್ಪ!" ಎಂದು ಗೊಣಗುತ್ತಿದ್ದಳು. ಸಾಹೇಬರ ಚಹಾಕ್ಕೆ ದಿನಾ ಸಕ್ಕರೆಯ ಬದಲು ಉಪ್ಪು ಬೀಳತೊಡಗಿತು. ಅದು ಕಣ್ಣಿನ ದೋಷವೋ ಕೈಯ ಚೇಷ್ಟೆಯೋ, ಅಜ್ಜಿಗೇ ಗೊತ್ತು.

ಒಂದು ದಿನ ಕಾದಂಬರಿಕಾರರ ಮಗಳು ಬಂದಳು. ಅಜ್ಜಿ ಎತ್ತಿ ಆಡಿಸಿದ ಕೂಸು, ಅವಳ ಬಾಯಲ್ಲಿ ಅಜ್ಜಿ ಇನ್ನೂ 'ಅಕ್ಕ'. ಕೆಂಪು ದಾರ ಕಂಡದ್ದೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅಕ್ಕಾ, ಇದು ನಿಂದಲ್ವಾ? ಅಪ್ಪಂದು ನನ್ನ ಬ್ಯಾಗಲ್ಲೇ ಇದೆ!"

"ಹಾಗಾದ್ರೆ ಸ್ವಲ್ಪ ಅಳ್ತೀಯಾ ಕೂಸೇ?"

ಅವಳಿಗೆ ಅಷ್ಟೇ ಸಾಕು. "ಅಪ್ಪನ ಕನ್ನಡಕ ಒಂದ್ಸಲ ಕಣ್ಣಿಗೊತ್ಕೋಬೇಕು" ಎಂದಳು. ಸಾಹೇಬರು ಪೆಟ್ಟಿಗೆ ತೆರೆದರು. ಅವಳು ಗೋಡೆಗೆ ಮುಖ ಮಾಡಿ ಗೋಳೋ ಎಂದು ಅತ್ತಳು. ಸಾಹೇಬರು ಮರ್ಯಾದೆಯಿಂದ ಕಿಟಕಿಯಾಚೆ ನೋಡಿದರು. ಅಳು ನಿಂತಾಗ ಅಪ್ಪನದು ಪೆಟ್ಟಿಗೆಯಲ್ಲಿ, ಅಜ್ಜಿಯದು ಅಜ್ಜಿಯ ಮಡಿಲಲ್ಲಿ.

ಮರುದಿನ ಬಾಗಿಲಲ್ಲಿ ಕೂತು ಅಜ್ಜಿ ಕಾಗದ ಒಡೆದಳು. 'ಅಮ್ಮಾ, ಪೇಪರಲ್ಲಿ ನಿನ್ನ ಕನ್ನಡಕದ ಫೋಟೋ ಬಂದಿದೆ. ನೀನು ಯಾವಾಗ ಅಷ್ಟು ದೊಡ್ಡೋಳಾದೆ?' ಎಂದು ಮಗಳು ಬರೆದಿದ್ದಳು. ನಗು ತಡೆಯುವಷ್ಟರಲ್ಲಿ ಒಳಗಿಂದ ಕೂಗು. ಆ ಕೆಂಪು ದಾರದ ಮೇಲೆ ಗಂಟೆಗಟ್ಟಲೆ ಭಾಷಣ ಮಾಡಿದ್ದ ಪ್ರೊಫೆಸರು!

"ಮೋಸ! ಇದು ನಕಲಿ! ದಾರ ಎಲ್ಲಿ?"

ಸಾಹೇಬರ ನೋಟ ಅಲ್ಲಿ ಇಲ್ಲಿ ಅಲೆದು ಕೊನೆಗೆ ಅಜ್ಜಿಯ ಮೂಗಿನ ಮೇಲೆ ನಿಂತಿತು.

ಅಜ್ಜಿ ನಿಧಾನಕ್ಕೆ ಎದ್ದಳು. "ದಾರ ಸವೆದಿತ್ತು ಸ್ವಾಮಿ, ಬಿಚ್ಚಿದ್ವಿ. ಪೆಟ್ಟಿಗೆ ತೆಗೀರಿ ಸಾಹೇಬ್ರೇ, ಹೊಸದು ಸುತ್ತಿಬಿಡ್ತೀನಿ." ತನ್ನ ಹೊಲಿಗೆ ಡಬ್ಬಿಯಿಂದ ಗೇಣುದ್ದ ಕೆಂಪು ದಾರ ಕಿತ್ತು, ಅಸಲಿ ಕನ್ನಡಕದ ಕಡ್ಡಿಗೆ ನೀಟಾಗಿ ಸುತ್ತಿದಳು.

ಪ್ರೊಫೆಸರು ಕೈಮುಗಿದರು. "ಹಾಂ! ಇದು ನೋಡಿ ಅವರ ಕನ್ನಡಕ!"

ಅಂದು ಸಾಹೇಬರ ಚಹಾ ಸಿಹಿಯಾಗಿತ್ತು.