ಆಯಿ ಚಾಚಿದ ಬರಿಗೈ

ಆಗ ನಮ್ಮ ಕೊಹೀರಿನಲ್ಲಿ ನಿಜಾಮರ ಆಳಿಕೆ. ಶ್ರಾವಣ ಬಂತೆಂದರೆ ಓಣಿ ತುಂಬ ಜೋಳದ ಅಳ್ಳು ಹುರಿಯುವ ವಾಸನೆ, ಬೇವಿನ ಮರಕ್ಕೆ ಜೋಕಾಲಿ, ಪಂಚಮಿಗೆ ನಾಲ್ಕು ದಿನ ಮೊದಲೇ ಬಳೆಗಾರ. "ಬಳೆಗಾರ ಅಂದ್ರ ತವರಿನ ಅಣ್ಣ ಇದ್ದಂಗ" ಎಂದು ಈಗ ಯಾರಾದರೂ ಕಣ್ಣು ಒದ್ದೆ ಮಾಡಿಕೊಂಡರೆ ನನ್ನ ಮೈ ಉರಿಯುತ್ತದೆ. ಎಲ್ಲರಿಗೂ ಅಣ್ಣನೇ ಸಿಕ್ಕಿದ್ದನೇನು?

ನನಗಾಗ ಒಂಬತ್ತು. ಅಕ್ಕ ಗಂಗವ್ವನಿಗೆ ಹದಿನಾಲ್ಕು. ಝರಾಸಂಗಮದ ಒಂದು ಮನೆಗೆ ಕೊಡುವ ಮಾತಾಗಿತ್ತು. ಬಳೆಗಾರ ನಮ್ಮ ಪಡಸಾಲೆಯಲ್ಲಿ ಮಲಾರ ಬಿಚ್ಚಿ, ಹಸಿರು ಗಾಜಿನ ಬಳೆ ಹರವಿ ಕೂತ. ಮೊದಲು ನನಗಿಟ್ಟ. ಬಳೆ ಇಟ್ಟವನಿಗೆ ಬಾಗಿ ನಮಸ್ಕಾರ ಮಾಡುವುದು ಪದ್ಧತಿ, ಮಾಡಿದೆ. ಆಮೇಲೆ ಅಕ್ಕನ ಸರದಿ. ಅವ್ವ ಒಳಗೆ ಹೋದ ಹೊತ್ತು ನೋಡಿ, "ಬಳಿ ಬಿಗಿ ಅದ, ಕೈ ಸಡ್ಲ ಬಿಡು" ಅನ್ನುತ್ತ ಅವಳ ತೋಳು ಹಿಂಡಿದ. ಬಳೆ ಏರುವುದು ಮುಂಗೈಗೆ, ಇವನಿಗೆ ಮೊಣಕೈ ಮೇಲೇನು ಕೆಲಸ! ಅಕ್ಕ ಕೈ ಕಿತ್ತುಕೊಂಡಳು. ಎರಡು ಬಳೆ ಒಡೆದವು. ಅವನು ನಕ್ಕ.

ಸದ್ದಿಗೆ ಅವ್ವ ಹೊರಬಂದಳು. "ನಮಸ್ಕಾರ ಮಾಡು" ಅಂದಳು.

"ನಾ ಮಾಡಂಗಿಲ್ಲ. ಇವ ತೋಳು ಹಿಂಡ್ತಾನ" ಅಂದಳು ಅಕ್ಕ.

ಅವ್ವ ಅವಳ ಬೆನ್ನಿಗೇ ಗುದ್ದಿದಳು. "ಬಾಯಿ ಮುಚ್ಚು! ಬೀಗರ ಕಿವಿಗಿ ಬಿದ್ರ ಲಗ್ನ ಮುರಿತದ."

"ಇರ್ಲಿ ಬಿಡ್ರಿ ಅಕ್ಕೋರ, ಸಣ್ಣ ಹುಡುಗಿ" ಅಂದ ಆ ಹಲ್ಕಟ್.

ಅಪ್ಪನ ತಾಯಿ, ನಮ್ಮ ಆಯಿ, ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ಗಂಡ ಸತ್ತಾಗಿನಿಂದ ಅವಳದು ಬರಿಗೈ. ಬಳೆ ಇಡಿಸುವ ಕಡೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಅವಳು ಅಲ್ಲಿದ್ದದ್ದೇ ಬಳೆಗಾರನ ಲಕ್ಷ್ಯಕ್ಕೆ ಬಂದಿರಲಿಲ್ಲ. ಎದ್ದು ಬಂದು ಅವನೆದುರು ಕುಕ್ಕರಿಸಿ, ಸುಕ್ಕುಗಟ್ಟಿದ ಕೈ ಚಾಚಿದಳು.

"ನನಗೂ ಇಡಪಾ ಬಳಿ."

ಅವನ ಮುಖ ಬಿಳಿಚಿತು. "ಆಯಿ, ನಿಮಗ ಹ್ಯಾಂಗ ಇಡ್ಲಿ? ಪಾಪ ಹತ್ತತದ."

"ರಂಡಿ ಮುದುಕಿ ಕೈ ಮುಟ್ಟಿದ್ರ ಪಾಪ ಹತ್ತತದ, ನಮ್ಮ ಕೂಸಿನ ತೋಳು ಹಿಂಡಿದ್ರ ಹತ್ತಂಗಿಲ್ಲೇನೋ ಭಾಡ್ಯಾ? ನಾ ಕಣ್ಣಾರೆ ನೋಡೀನಿ. ಹಿಂಡು, ಅಕಿಗಿ ಹಿಂಡ್ದಂಗ ನನಗೂ ಹಿಂಡು!"

ಆ ಕೂಗಿಗೆ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಅವನು ಮಲಾರ ಬಾಚಿಕೊಂಡು ಎದ್ದ. ಆಯಿ ಅವ್ವನ ಕಡೆ ತಿರುಗಿದಳು: "ಮುರೀದ್ರ ಮುರೀಲಿ ಲಗ್ನ. ಕೂಸಿಗಿ ಯಾಕ ಹೊಡ್ದಿ?"

ಲಗ್ನ ಮುರಿಯಲಿಲ್ಲ. ಅವ್ವ ಆ ರಾತ್ರಿ ಅಕ್ಕನ ಬೆನ್ನಿಗೆ ಎಣ್ಣೆ ಹಚ್ಚಿದಳು.

ಈಗ ಬಳೆ ಜಹೀರಾಬಾದಿನ ಅಂಗಡಿಯಿಂದ ತಂದು ನಾವೇ ಇಟ್ಟುಕೊಳ್ಳುತ್ತೇವೆ. ಅಳ್ಳಿನ ವಾಸನೆ ಹೋಯಿತು, ಜೋಕಾಲಿ ಹೋಯಿತು. ಬಳೆಗಾರ ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಆಯಿ ಹೋದದ್ದಕ್ಕಿದೆ. ಮತ್ತೆ ಒಂದು ಸಿಟ್ಟು ಉಳಿದಿದೆ, ಅದು ನಮ್ಮವರ ಮೇಲೆಯೇ. ಅವತ್ತು ಬಾಗಿಲಲ್ಲಿ ನಿಂತಿದ್ದ ಹೆಂಗಸರು ಬದಿಗೆ ಸರಿದು ಅವನಿಗೆ ದಾರಿ ಬಿಟ್ಟರು. "ನಮ್ಮ ಓಣಿ ಬಿಟ್ಟು ಹೋದ್ರ ಸಾಕು" ಅಂದರು. ಅವನು ಮುಂದಿನ ಓಣಿಗೆ ಹೋಗಿ "ಬಳೀ, ಬಳೀ" ಅಂತ ಕೂಗುವುದು ನಮಗೆ ಚೆನ್ನಾಗಿಯೇ ಕೇಳಿಸಿತು. ಅಲ್ಲಿಯೂ ಹುಡುಗಿಯರಿದ್ದರು. ಅಲ್ಲಿ ನಮ್ಮ ಆಯಿ ಇರಲಿಲ್ಲ.