ಕುರ್ಚಿ ಬಿಟ್ಟುಕೊಟ್ಟ ದೊಡ್ಡಸ್ತಿಕೆ

ನೆಲದ ಮೇಲೆ ಕೂರುವುದು ಇಷ್ಟು ಕಷ್ಟವೆಂದು ಈಚಿನವರೆಗೂ ನನಗೆ ಗೊತ್ತಿರಲಿಲ್ಲ. ಮಂಡಿನೋವಿನ ಮಾತಲ್ಲ, ಅದು ಬೇರೆ ಇದೆ.

ನಮ್ಮದು ನಂಜನಗೂಡಿನ ಹತ್ತಿರದ ಹಳ್ಳಿ. ಮುತ್ತಾತ ಊರಿನ ಪಟೇಲರು. ಸರ್ಕಾರಕ್ಕೆ ಕಂದಾಯ ಎತ್ತಿಕೊಡುತ್ತಲೇ ನಾಲೆಯ ಮೊದಲ ತೂಬಿನ ಪಕ್ಕದ ಗದ್ದೆಯನ್ನೆಲ್ಲ ತಮ್ಮದು ಮಾಡಿಕೊಂಡರು. ಬ್ರಿಟಿಷರು ಹೋದರು, ಮಹಾರಾಜರ ಆಳ್ವಿಕೆ ಹೋಯಿತು, ಪಟೇಲಿಕೆಯೂ ಹೋಯಿತು. ಆದರೂ ಊರಲ್ಲಿ ಯಾವುದೇ ಸಭೆಯಾಗಲಿ, ಕೈಯಿರುವ ಕುರ್ಚಿಯೊಂದು ನನ್ನ ಹಿಂದೆ ಬಂದು ನಿಲ್ಲುತ್ತದೆ. ಯಾರು ತಂದಿಡುತ್ತಾರೆಂದು ನಾನು ತಿರುಗಿ ನೋಡಿದವನಲ್ಲ.

ಹೊಟ್ಟೆಪಾಡಿಗೆ ತಿ. ನರಸೀಪುರದ ಕಾಲೇಜಿನಲ್ಲಿ ಆರ್ಥಿಕ ಇತಿಹಾಸ ಪಾಠ ಮಾಡುತ್ತೇನೆ. ಆಳಿದವರು ಹಡಗು ಹತ್ತಿದರೂ ಅವರು ಎಳೆದ ಗೆರೆ ಉಳಿಯುತ್ತದೆ ಎಂದು ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತದೆ. ವಿದ್ಯಾರ್ಥಿಗಳು ಆಕಳಿಸುತ್ತಾರೆ. ಅಂಥದೇ ಒಂದು ಪಾಠದ ಅಮಲಿನಲ್ಲಿ ಕಳೆದ ಬೇಸಿಗೆ ವಾರ್ಡ್ ಸಭೆಗೆ ಹೋದವನು, ಕುರ್ಚಿ ಪಕ್ಕಕ್ಕೆ ಸರಿಸಿ, ಕೆಳಗಿನ ಬೀದಿಯವರ ಜೊತೆ ಚಾಪೆಯ ಮೇಲೆ ಕುಳಿತುಬಿಟ್ಟೆ.

ಕೂತಿದ್ದವರೆಲ್ಲ ದಡಬಡನೆ ಎದ್ದು ನಿಂತರು.

"ಬುದ್ಧೀ, ನೀವು ಕೆಳೀಕ್ ಕುಂತ್ರೆ ನಾವೆಲ್ ಕೂರದು?" ಅಂದರು ಒಬ್ಬರು ಮುದುಕರು. ನಾನು ಏಳಲಿಲ್ಲ. ಸಮಾನತೆಯನ್ನು ಈಗಷ್ಟೇ ತಂದವನು ಅಷ್ಟು ಬೇಗ ಏಳುವುದು ಹೇಗೆ? ಪಾಪ, ಅವರು ನಿಂತೇ ಇದ್ದರು, ಸಭೆ ಶುರುವಾಗಲಿಲ್ಲ.

ಅಂದಿನ ವಿಷಯ ಕೆಳಗಿನ ಬೀದಿಯ ಕುಡಿಯುವ ನೀರು. ನಾಲೆಯ ನೀರು ಮುತ್ತಾತನ ಗದ್ದೆಗೆ ಮೊದಲು ಹರಿದಂತೆ ಪೈಪಿನ ನೀರೂ ನಮ್ಮ ಮನೆಗೇ ಮೊದಲು. ನಮ್ಮ ಸಂಪು ತುಂಬಿ, ತೆಂಗಿನ ಗಿಡ ನೆನೆಯುವ ಹೊತ್ತಿಗೆ ಅವರ ನಲ್ಲಿಯಲ್ಲಿ ಬರೀ ಗಾಳಿ. ಆ ಬೀದಿಯಿಂದಲೇ ಗೆದ್ದ ಸದಸ್ಯೆ ಮಹದೇವಮ್ಮ ಕಾದು ಕಾದು ಬೇಸತ್ತರು.

"ಸಾ, ಕುರ್ಚಿ ನೀವೇ ಮಡಿಕಳಿ. ಅದ ಕೇಳಕ್ ಬಂದಿಲ್ಲ ನಾವು. ನಿಮ್ಮನೆ ಮುಂದ್ಲ ವಾಲ್ವ್ ತಿರುಗ್ಸಿ ಮೊದ್ಲು ನಮ್ ಬೀದಿಗೆ ನೀರ್ ಬುಡ್ಸಿ. ಒಪ್ತೀರಾ? ಒಪ್ಪಿದ್ರೆ ಏಳಿ."

ಕುರ್ಚಿ ಬಿಡುವುದು ಎಷ್ಟು ಸುಲಭವಾಗಿತ್ತು! ನೀರು ಬಿಟ್ಟರೆ ಮನೆಯಾಕೆಗೆ ಉತ್ತರ ಹೇಳಬೇಕು. ಸುತ್ತ ನೋಡಿದೆ, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾಚಿಕೆಯಾಯಿತು. "ಆಯ್ತಮ್ಮ" ಅಂದೆ. ಎದ್ದು ಕುರ್ಚಿಯಲ್ಲಿ ಕೂತ ಮೇಲೆಯೇ ಅವರೆಲ್ಲ ಕೂತದ್ದು.

ಈಗ ನಮ್ಮ ನಲ್ಲಿಗೆ ನೀರು ಕೊನೆಯಲ್ಲಿ ಬರುತ್ತದೆ, ಅದೂ ಸಣ್ಣಗೆ. ಒಪ್ಪಿ ಬಂದವರೇ ಕಾಯಲಿ ಎಂದು ಮನೆಯಾಕೆ ಬಿಂದಿಗೆಯನ್ನು ನನ್ನ ಕೈಗೇ ಕೊಟ್ಟಿದ್ದಾಳೆ. ಮೊನ್ನೆ ಮನೆ ಮುಂದಿನ ನಲ್ಲಿಯ ಹತ್ತಿರ ನಿಂತು ನಿಂತು ಕಾಲು ಸೋತು, ಹಳೆಯ ಅಭ್ಯಾಸದಂತೆ ಹಿಂದೆ ನೋಡದೆ ಕೂರಲು ಹೋದೆ. ಕುರ್ಚಿ ಇರಲಿಲ್ಲ. ಧೊಪ್ಪನೆ ನೆಲ ಸೇರಿದೆ. ರಸ್ತೆಯಾಚೆಯ ಕಟ್ಟೆಯ ಮೇಲೆ ಕೆಳಗಿನ ಬೀದಿಯ ಅದೇ ಮುದುಕರು ಕೂತು ಬೀಡಿ ಸೇದುತ್ತಿದ್ದರು. ನನ್ನನ್ನು ನೋಡಿ ಬಾಯ್ತುಂಬ ನಕ್ಕರು. ಎದ್ದು ಮಾತ್ರ ನಿಲ್ಲಲಿಲ್ಲ.