ದೂರಕ್ಕೆ ಟೀಚರ್ ಹೇಳಿಕೊಟ್ಟ ಪದಗಳು

ಹೋದ ತಿಂಗಳು ಮೈಸೂರಿನ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಪಕ್ಕದಲ್ಲೇ ಒಬ್ಬಾತ ಹಸಿ ಶುಂಠಿಯ ಮೂಟೆ ಬಿಚ್ಚಿ ನೆಲಕ್ಕೆ ಸುರಿದ. ಆಗಷ್ಟೇ ಕಿತ್ತು ತಂದ ಶುಂಠಿ. ಕೆಂಪು ಮಣ್ಣು ಇನ್ನೂ ಒಣಗಿರಲಿಲ್ಲ. ಆ ಘಾಟು ಮೂಗಿಗೆ ಬಡಿದಾಗ ಕೈಯಲ್ಲಿದ್ದ ಬೀನ್ಸನ್ನು ತಕ್ಕಡಿಗೆ ಹಾಕುವುದನ್ನೂ ಮರೆತು ನಿಂತುಬಿಟ್ಟೆ. ಇಪ್ಪತ್ತೈದು ವರ್ಷಗಳ ಹಿಂದೆ ರಾವಂದೂರಿನಲ್ಲಿ ನಾನಿದ್ದ ಬಾಡಿಗೆ ಕೋಣೆಯ ಹಿಂದೆ ಇಂಥದೇ ಘಾಟಿನ ಶುಂಠಿ ಹೊಲವಿತ್ತು. ಆ ಕೋಣೆಯಲ್ಲಿ ನನ್ನ ಜೊತೆ ಟೀಚರ್ ಇದ್ದರು…

ನಾನು ಕೆ.ಆರ್. ನಗರದವಳು. ರಾವಂದೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಹೊಸದಾಗಿ ಸೇರಿದ್ದೆ. ಅವರು ಇಂಗ್ಲಿಷ್ ಕಲಿಸುತ್ತಿದ್ದರು, ನಲವತ್ತು ದಾಟಿತ್ತು. ಮಕ್ಕಳು ನನ್ನನ್ನು ಮಿಸ್ ಎನ್ನುತ್ತಿದ್ದರು. ಟೀಚರ್ ಊರು ಕಾಡಿನಾಚೆ, ಕೇರಳದ ಮಾನಂದವಾಡಿಯ ಕಡೆ. ಅಲ್ಲಿನ ವಾಡಿಕೆಯಂತೆ ‘ಟೀಚರ್’ ಎಂದೇ ಕರೆಸಿಕೊಳ್ಳುತ್ತಿದ್ದರು. ಊರಿಗೆಲ್ಲ ಅವರು ಟೀಚರಮ್ಮ. ಕನ್ನಡವನ್ನು ಪುಸ್ತಕ ಓದಿ ಕಲಿತವರಾದ್ದರಿಂದ ಹಾಲಿನವನ ಹತ್ತಿರವೂ ‘ನಾಳೆ ದಯವಿಟ್ಟು ಬೇಗ ಬನ್ನಿ’ ಎಂದೇ ಮಾತಾಡುತ್ತಿದ್ದರು. ಅವನು ತಲೆ ತುರಿಸಿಕೊಂಡು ನಗುತ್ತಿದ್ದ.

ಬಿ.ಎಡ್. ಓದಲು ಮೈಸೂರಿಗೆ ಬಂದಾಗ ಅವರು ಹುಣಸೂರಿನ ಕಡೆಯ ಒಬ್ಬರನ್ನು ಮೆಚ್ಚಿ ಮದುವೆಯಾಗಿದ್ದರು. ಇನ್ನು ಈ ಮನೆಯ ಮೆಟ್ಟಿಲು ಹತ್ತಬೇಡ ಎಂದಿದ್ದರಂತೆ ಅಪ್ಪ. ಮೂರೇ ವರ್ಷಕ್ಕೆ ಗಂಡ ಕಾಮಾಲೆಯಾಗಿ ತೀರಿಕೊಂಡರು. ಆಮೇಲೂ ಇವರು ತವರಿಗೆ ಹೋಗಲಿಲ್ಲ. “ಹೋದರೆ, ಅಪ್ಪ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡ ಹಾಗೆ ಆಗುತ್ತದೆ” ಎಂದು ಒಮ್ಮೆ ಹೇಳಿದ್ದರು. ಹಾಗೆ ಹದಿನೈದು ವರ್ಷ ಕಳೆದಿತ್ತು. ಭಾನುವಾರ ನಾನು ಊರಿಗೆ ಹೊರಟರೆ ಬಸ್ ಸ್ಟ್ಯಾಂಡಿನವರೆಗೂ ಬರುತ್ತಿದ್ದರು. ಬಸ್ಸು ತಿರುಗುವವರೆಗೆ ಅಲ್ಲೇ ನಿಂತಿರುತ್ತಿದ್ದರು.

ಅವರ ಒಂದು ಪಾಠ ನನಗೆ ಚೆನ್ನಾಗಿ ನೆನಪಿದೆ. ಪಕ್ಕದ ಕ್ಲಾಸಿನಲ್ಲಿ ನಾನು ಮಕ್ಕಳಿಗೆ ಲೆಕ್ಕ ಕೊಟ್ಟು ಕೂತಿದ್ದೆ; ನಡುವಿನ ಗೋಡೆ ಅರ್ಧವಷ್ಟೇ, ಅವರ ಪಾಠವೆಲ್ಲ ಕೇಳಿಸುತ್ತಿತ್ತು. ಅವರು ಬೋರ್ಡಿನ ಮೇಲೆ ‘ಫಾರ್’, ಅಂದರೆ ದೂರ, ಎಂದು ಬರೆದು, ಅದೇ ಅರ್ಥದ ಬೇರೆ ಪದಗಳನ್ನು ಹೇಳಿಕೊಡುತ್ತಿದ್ದರು. ಪಿರಿಯಾಪಟ್ಟಣ ಎಷ್ಟು ದೂರ ಎಂದು ಕೇಳುವಾಗ ‘ಹೌ ಫಾರ್’ ಎನ್ನಬೇಕು. ಬಹಳ ದೂರ ಎಂದು ಹೇಳುವಾಗ ಮಾತ್ರ ಜನ ‘ಎ ಲಾಂಗ್ ವೇ’ ಎನ್ನುವುದೇ ಹೆಚ್ಚು. ದೂರದ ನೆಂಟರು ‘ಫಾರ್’ ಅಲ್ಲ, ‘ಡಿಸ್ಟೆಂಟ್’. ಬಸ್ಸೇ ಹೋಗದ ಹಳ್ಳಿ ‘ರಿಮೋಟ್’.

“ರಿಮೋಟ್ ಅಂದ್ರೆ ಟೀವೀದಲ್ವಾ ಟೀಚರ್?” ಎಂದ ಒಬ್ಬ. ಕ್ಲಾಸೆಲ್ಲ ನಕ್ಕಿತು.

“ಟೀವಿಯನ್ನು ದೂರದಿಂದ ನಡೆಸುತ್ತದೆ, ಅದಕ್ಕೇ ಆ ಹೆಸರು” ಎಂದು ಅವರೂ ನಕ್ಕರು.

ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ನಿಮ್ಮೂರ್ಗೆ ಇದ್ರಲ್ಲಿ ಯಾವ್ದು ಬರ್ಕೋಬೇಕು ಟೀಚರ್?” ಎಂದು ಕೇಳಿದಳು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೋರ್ಡು ಒರೆಸುವ ಡಸ್ಟರಿನ ಸದ್ದು ಬಂತು.

ಆ ವರ್ಷವೇ ನಮ್ಮ ಮನೆ ಓನರಮ್ಮ ಹಿಂದಿನ ಹೊಲವನ್ನು ಶುಂಠಿ ಬೆಳೆಯಲು ಒಬ್ಬ ಮಲಯಾಳಿ ರೈತನಿಗೆ ಗುತ್ತಿಗೆ ಕೊಟ್ಟರು. ಆತನೂ ಮಾನಂದವಾಡಿಯ ಕಡೆಯವನೇ; ಒಂದು ಸಂಜೆ ಅಂಗಳದಲ್ಲಿ ಟೀಚರ್ ಜೊತೆ ಮಾತಿಗೆ ನಿಂತ. ಟೀಚರ್ ತಮ್ಮ ಭಾಷೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ದನಿಯೇ ಬೇರೆಯಾಗಿತ್ತು, ಎಳೆಯದಾಗಿತ್ತು. ಮಾತು ಮುಗಿಸಿ ಒಳಗೆ ಬಂದು ಅಕ್ಕಿ ತೊಳೆದು ಒಲೆಯ ಮೇಲಿಟ್ಟರು. ಆಮೇಲೆ ಹೇಳಿದರು: “ಅಪ್ಪ ತೀರಿಕೊಂಡು ಎರಡು ವರ್ಷವಾಯಿತಂತೆ. ಅಮ್ಮನಿಗೆ ನೆನಪು ನಿಲ್ಲುತ್ತಿಲ್ಲವಂತೆ.”

ಅಪ್ಪ ಸತ್ತ ಸುದ್ದಿಯನ್ನು ಅವರು ಶುಂಠಿ ಬೆಳೆಯುವವನಿಂದ ಕೇಳಿದ್ದರು.

ವಿಷಯ ತಿಳಿದ ಓನರಮ್ಮ ಬಾಗಿಲಲ್ಲೇ ನಿಂತು ಅಂದರು: “ಅಂಗೇ ಕುಂತ್ಕಂಡ್ರೆ ಆದಾತಾ ಟೀಚರಮ್ಮ? ಒಂದ್ಸಾರಿ ಓಗಿ ಮಕ ತೋರ್ಸ್‌ಬುಟ್ ಬನ್ನಿ.” ಟೀಚರ್ ನನ್ನ ಮುಖ ನೋಡಿದರು. “ನಾನೂ ಬತ್ತೀನಿ, ನಡೀರಿ” ಎಂದೆ.

ಶನಿವಾರ ಹುಣಸೂರಿಗೆ ಬಂದು, ಎಚ್.ಡಿ. ಕೋಟೆಗೆ ಹೋಗಿ, ಅಲ್ಲಿಂದ ಮಾನಂದವಾಡಿಯ ಬಸ್ಸು ಹತ್ತಿದೆವು. ಅಂತರಸಂತೆ ದಾಟಿ ಕಾಕನಕೋಟೆಯ ಕಾಡು ಹೊಕ್ಕೆವು. ರಸ್ತೆ ಪಕ್ಕ ಎರಡು ಆನೆ ನಿಂತಿದ್ದವು. ಬಸ್ಸಿನವರೆಲ್ಲ ಎದ್ದು ನೋಡಿದರು; ಟೀಚರ್ ಮಾತ್ರ ಮಡಿಲಲ್ಲಿದ್ದ ಹಣ್ಣಿನ ಚೀಲವನ್ನೇ ನೋಡುತ್ತ ಕೂತಿದ್ದರು. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಅವರ ಮನೆಯ ಮುಂದಿದ್ದೆವು. ಹದಿನೈದು ವರ್ಷ ಅವರು ಹೋಗದೆ ಉಳಿದ ಊರು ಅಷ್ಟೇ ದೂರದಲ್ಲಿತ್ತು.

ಜಗುಲಿಯ ಮೇಲೆ ಬೆಳ್ಳಗಿನ ಮುಂಡು ಉಟ್ಟು ಮುದುಕಿಯೊಬ್ಬರು ಕೂತಿದ್ದರು. ಟೀಚರ್ ಅವರ ಅಣ್ಣ ಮನೆಯಲ್ಲಿರಲಿಲ್ಲ. ಅತ್ತಿಗೆ ಹೊರಬಂದು, ಗುರುತು ಹಿಡಿದು, ನೀರು ತರಲು ಒಳಗೆ ಹೋದರು. ಮುದುಕಿ ನಮ್ಮನ್ನು ನೋಡಿ ನಕ್ಕು ಏನೋ ಕೇಳಿದರು. ನನಗೆ ಅರ್ಥವಾದದ್ದು ಒಂದೇ ಪದ: ‘ದೂರ’. ಅದು ಅವರ ಭಾಷೆಯಲ್ಲೂ ಅದೇ. ಟೀಚರ್ ಅವರ ಕಾಲ ಬಳಿ ಕೂತು ಮೆಲ್ಲಗೆ ಉತ್ತರ ಕೊಟ್ಟರು. ಆಮೇಲೆ ಇಬ್ಬರೂ ತುಂಬ ಹೊತ್ತು ಮಾತಾಡಿದರು. ಮುದುಕಿ ಕಿತ್ತಳೆ ಸುಲಿದು ಮೊದಲ ತೊಳೆಯನ್ನು ನನಗೆ ಕೊಟ್ಟರು, ಎರಡನೆಯದನ್ನು ಟೀಚರಿಗೆ. ಬಂದ ನೆಂಟರಿಗೆ ಕೊಡುವ ಹಾಗೆ…

ವಾಪಸು ಬರುವಾಗ, ಬಾವಲಿ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಾಗ, ಅಮ್ಮ ಕೇಳಿದ್ದೇನು ಎಂದು ನಾನೇ ಬಾಯಿಬಿಟ್ಟು ಕೇಳಿದೆ.

“ದೂರದಿಂದ ಬಂದಿರಾ ಎಂದು ಕೇಳಿದರು. ಇಲ್ಲ, ಇಲ್ಲೇ ಹತ್ತಿರ ಎಂದೆ. ನನಗೂ ಒಬ್ಬಳು ಮಗಳಿದ್ದಾಳೆ, ಮೈಸೂರಿನಲ್ಲಿ ಟೀಚರ್ ಆಗಿದ್ದಾಳೆ ಎಂದರು. ಅವಳ ಇಂಗ್ಲಿಷ್ ಬಹಳ ಚೆನ್ನ ಎಂದರು.”

“ನಾನೇ ಅದು ಅಂತ ಹೇಳ್ಬಾರ್ದಿತ್ತಾ ಟೀಚರ್?”

“ಹೇಳಿದೆ. ಮೂರು ಸಲ ಹೇಳಿದೆ. ಸುಮ್ಮನೆ ನಗುತ್ತಾರೆ. ಅವಳಿನ್ನೂ ಚಿಕ್ಕವಳು, ಉದ್ದ ಜಡೆ ಇದೆ ಎನ್ನುತ್ತಾರೆ.” ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಅವರು ಅತ್ತದ್ದನ್ನು ನಾನು ನೋಡಲಿಲ್ಲ, ನೋಡಬಾರದು ಎಂದು ಅನ್ನಿಸಿತು.

ಆಮೇಲೆ ತಿಂಗಳಿಗೊಮ್ಮೆ ಹೋಗತೊಡಗಿದರು. ಇನ್ನೊಂದು ಸಲ ನಾನೂ ಹೋದೆ. ಅಷ್ಟರಲ್ಲಿ ನನಗೆ ಮದುವೆಯಾಗಿ ಮೈಸೂರಿಗೆ ವರ್ಗವಾಯಿತು. ಅವರು ಅಮ್ಮನಿಗೆ ಹತ್ತಿರವಾಗಲೆಂದು ಕೇಳಿಕೊಂಡು ಕೋಟೆಗೆ ವರ್ಗ ಮಾಡಿಸಿಕೊಂಡರು. ಒಂದು ದಿನ ಇನ್‌ಲ್ಯಾಂಡ್ ಪತ್ರ ಬಂತು. ‘ಅಮ್ಮ ತೀರಿಕೊಂಡರು. ಸಾಧ್ಯವಾದರೆ ಒಮ್ಮೆ ಬಾ’ ಎಂದಷ್ಟೇ ಇತ್ತು. ಆಗ ಮಗುವಿಗೆ ಮೂರು ತಿಂಗಳು. ರಜೆಯಲ್ಲಿ ಬರುತ್ತೇನೆಂದು ಉತ್ತರ ಬರೆದೆ. ಆ ರಜೆ ಹೋಯಿತು, ಮುಂದಿನದೂ ಹೋಯಿತು… ಕೋಟೆ ತಾನೇ, ಯಾವಾಗ ಬೇಕಾದರೂ ಹೋಗಬಹುದು ಎಂದುಕೊಳ್ಳುತ್ತಲೇ ಉಳಿದೆ.

ಮಾರುಕಟ್ಟೆಯಿಂದ ಬಂದ ಮರುದಿನ ಆ ಹಳೆಯ ಪತ್ರ ಹುಡುಕಿ, ಅದರ ವಿಳಾಸ ಹಿಡಿದು ಕೋಟೆಗೆ ಹೋದೆ. ಮನೆ ಸಿಕ್ಕಿತು. ಬಾಡಿಗೆಗೆ ಕೊಟ್ಟಿದ್ದ ಹೆಂಗಸು ನನ್ನನ್ನು ಕೂರಿಸಿ, ಟೀಚರಮ್ಮ ತೀರಿಹೋಗಿ ಎರಡು ವರ್ಷವಾಯಿತು ಎಂದರು. ಮಾನಂದವಾಡಿಯ ಕಡೆಯಿಂದ ಯಾರೂ ಬರಲಿಲ್ಲವಂತೆ. ಅವರ ಹತ್ತಿರ ಓದಿದವರು ನಾಲ್ಕು ಜನ ಸೇರಿ ಎಲ್ಲ ಮಾಡಿದರಂತೆ.

“ಕೊನೆಕೊನೆಗೆ ಕನ್ನಡಾನೇ ಮರ್ತೋಗಿತ್ತು ಕಣವ್ವ ಅವ್ರ್ಗೆ” ಎಂದರು ಆಕೆ. “ಬರೀ ಮಲಯಾಳ್ದಲ್ಲೇ ಏನೋ ಕೇಳೋರು. ನಾವು ಊಂ ಅಂತಿದ್ದೋ. ಏನ್ ಕೇಳ್ತಾವ್ರೆ ಅಂತ ಒಂದಿನಾನೂ ತಿಳೀನಿಲ್ಲ. ನಿಮ್ಗೆ ಬತ್ತದಾ ಆ ಮಾತು?”

“ಬರಲ್ಲ” ಎಂದೆ.

“ನೀವೇನಾಗ್ಬೇಕು ಅವ್ರ್ಗೆ?”

ಸ್ವಲ್ಪ ಯೋಚಿಸಿದೆ. “ಒಂದೇ ಸ್ಕೂಲಲ್ಲಿದ್ವಿ” ಎಂದೆ.

ಆಕೆ ಕೊಟ್ಟ ಕಾಫಿ ಕುಡಿದು ಬಸ್ಸು ಹತ್ತಿದೆ. ಕತ್ತಲಾಗುವುದಕ್ಕೆ ಇನ್ನೂ ಎಷ್ಟೋ ಹೊತ್ತಿರುವಾಗಲೇ ಮೈಸೂರು ಬಂದಿತ್ತು.